ಕಾಲ ಮತ್ತು ಕೆಲಸ: ಗೋದಾಮಿನಲ್ಲಿ ರ್ಯಾಕ್ ನಿಲ್ಲಿಸಲು ಎಷ್ಟು ದಿನ ಬೇಕು?



ಶಾಲೆಯ ಗಣಿತ ಪುಸ್ತಕದಲ್ಲಿ 'ಕಾಲ ಮತ್ತು ಕೆಲಸ' ಎಂಬ ಪಾಠ ಇರುತ್ತಿದ್ದುದು ನಿಮಗೆ ನೆನಪಿರಬಹುದು. ಹನ್ನೆರಡು ಆಳುಗಳು ಒಂದು ಗೋಡೆಯನ್ನು ಹತ್ತು ದಿನದಲ್ಲಿ ಕಟ್ಟಿದರೆ, ಇಪ್ಪತ್ತನಾಲ್ಕು ಆಳುಗಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಐದು ದಿನ ಎಂದು ಬರೆದರೆ ಪೂರ್ತಿ ಅಂಕ. ಆ ಲೆಕ್ಕದಲ್ಲಿ ಇಟ್ಟಿಗೆ ಯಾವಾಗಲೂ ಬಂದು ಬಿದ್ದಿರುತ್ತಿತ್ತು. ಮಳೆ ಬರುತ್ತಿರಲಿಲ್ಲ. ಇಪ್ಪತ್ತನಾಲ್ಕು ಜನ ಒಬ್ಬರಿಗೊಬ್ಬರು ಅಡ್ಡ ಬಾರದೆ ಒಂದೇ ಗೋಡೆಯ ಮೇಲೆ ಕೆಲಸ ಮಾಡುತ್ತಿದ್ದರು. ಗೋದಾಮಿನಲ್ಲಿ ರ್ಯಾಕ್ ನಿಲ್ಲಿಸುವ ಕೆಲಸಕ್ಕೆ ದಿನ ಗೊತ್ತು ಮಾಡುವಾಗ ಬಹಳಷ್ಟು ಮಾಲೀಕರು ಇಂದಿಗೂ ಇದೇ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಇವತ್ತು ನೋಡೋಣ.

ಸಾಮಾನನ್ನು ನೆಲದಿಂದ ಮೇಲೆತ್ತಿ ಇಡುವುದು ನಮಗೆ ಹೊಸದಲ್ಲ. ಅಡುಗೆಮನೆಯ ನೆಲುವು, ಮಲೆನಾಡಿನ ಮನೆಯ ಅಟ್ಟ, ಇವೆಲ್ಲ ಅದೇ ಜಾತಿಯವು. ರ್ಯಾಕ್ ಎಂದರೆ ಉಕ್ಕಿನ ಅಟ್ಟ ಎಂದುಕೊಳ್ಳಿ. ನಮ್ಮ ಹಳೆಯ ಗೋದಾಮುಗಳಲ್ಲಿ ಇದು ಇರಲಿಲ್ಲ. ಭತ್ತ, ಜೋಳ, ಸಕ್ಕರೆಯ ಚೀಲಗಳನ್ನು ಹಮಾಲರು ಒಂದರ ಮೇಲೊಂದು ಒಟ್ಟುತ್ತಿದ್ದರು. ಧಾನ್ಯದ ಉಗ್ರಾಣಗಳಲ್ಲಿ ಈಗಲೂ ಅದೇ ಪದ್ಧತಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ, ತೆರಿಗೆಯ ಕಾರಣಕ್ಕಾಗಿ ರಾಜ್ಯಕ್ಕೊಂದು ಚಿಕ್ಕ ಗೋದಾಮು ಇಟ್ಟುಕೊಳ್ಳುವ ಅಗತ್ಯ ಕಡಿಮೆಯಾಯಿತು. ಕಂಪನಿಗಳು ಹೆದ್ದಾರಿ ಬದಿಯಲ್ಲಿ ದೊಡ್ಡ ಗೋದಾಮುಗಳನ್ನು ಹುಡುಕಿದವು. ನೆಲಮಂಗಲದಿಂದ ದಾಬಸ್‌ಪೇಟೆಯ ಕಡೆಗೆ ಹೋಗುವಾಗ, ಇಲ್ಲವೇ ಹೊಸಕೋಟೆಯ ಸುತ್ತ, ರಸ್ತೆಯ ಪಕ್ಕ ಕಾಣುವ ಉದ್ದುದ್ದ ಶೆಡ್ಡುಗಳನ್ನು ನೀವು ನೋಡಿದ್ದೀರಿ. ಅವುಗಳ ಒಳಗೆ ಐದಾರು ಅಂತಸ್ತು ಎತ್ತರದ ಉಕ್ಕಿನ ಅಟ್ಟಗಳಿವೆ.

ಈಗ ನಾವೇ ಒಂದು ಗೋದಾಮು ಕಲ್ಪಿಸಿಕೊಂಡು ಲೆಕ್ಕ ಮಾಡೋಣ. ಅದರಲ್ಲಿ 2,000 ಪ್ಯಾಲೆಟ್ ಇಡಬೇಕು. ಪ್ಯಾಲೆಟ್ ಎಂದರೆ ಸರಕು ಕೂರಿಸುವ ಮರದ ಮಣೆ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲದ್ದು. ಎರಡು ಕಂಬದ ಚೌಕಟ್ಟುಗಳ ನಡುವಿನ ಜಾಗಕ್ಕೆ ಬೇ ಎನ್ನುತ್ತಾರೆ. ಒಂದು ಬೇಯಲ್ಲಿ ನೆಲದ ಮೇಲೆ ಎರಡು ಪ್ಯಾಲೆಟ್, ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು. ಒಟ್ಟು ಹತ್ತು. ಅಂದರೆ ನಮಗೆ 200 ಬೇ ಬೇಕು. ಸಾಲಿಗೆ ಇಪ್ಪತ್ತರಂತೆ ಹತ್ತು ಸಾಲು. ಇಪ್ಪತ್ತು ಬೇಗೆ ಇಪ್ಪತ್ತೊಂದು ಚೌಕಟ್ಟು ಬೇಕಾಗುವುದರಿಂದ ಒಟ್ಟು ಚೌಕಟ್ಟು 210. ಒಂದು ಅಂತಸ್ತಿಗೆ ಮುಂದೊಂದು ಹಿಂದೊಂದು ಬೀಮ್, ಅಂದರೆ ಪ್ಯಾಲೆಟ್ ಹೊರುವ ಅಡ್ಡತೊಲೆ; ಹೀಗೆ ಬೀಮ್‌ಗಳು 1,600. ಬೀಮ್ ಕಳಚಿ ಮೇಲೇಳದಂತೆ ಎರಡೂ ತುದಿಗೆ ಹಾಕುವ ಲಾಕ್ ಪಿನ್‌ಗಳು 3,200. ಚೌಕಟ್ಟಿಗೆ ಎರಡು ಕಾಲು, ಕಾಲಿಗೆ ಎರಡು ಬೋಲ್ಟ್ ಎಂದರೆ ನೆಲದಲ್ಲಿ ಕೊರೆಯಬೇಕಾದ ತೂತು 840.

ದಿನ ಲೆಕ್ಕ ಹಾಕುವ ಮೊದಲು ಹೀಗೆ ತುಂಡುಗಳನ್ನು ಎಣಿಸಬೇಕು. 'ಎರಡು ಸಾವಿರ ಪ್ಯಾಲೆಟ್ ತಾನೆ, ಹತ್ತು ದಿನದಲ್ಲಿ ಮುಗಿಸಿ' ಎನ್ನುವ ಮಾತಿನಲ್ಲಿ ಆ 840 ತೂತುಗಳು ಕಾಣುವುದಿಲ್ಲ.

ಒಂದು ತೂತನ್ನೇ ತೆಗೆದುಕೊಳ್ಳಿ. ಕಾಂಕ್ರೀಟನ್ನು ಹೇಳಿದ ಆಳಕ್ಕೆ ಕೊರೆಯಬೇಕು, ಒಳಗಿನ ಪುಡಿಯನ್ನು ಊದಿ ಹೊರಗೆ ಹಾಕಬೇಕು, ಬೋಲ್ಟ್ ಬಡಿಯಬೇಕು, ಹೇಳಿದ ಬಿಗಿಗೆ ತಿರುಗಿಸಬೇಕು. ಐದು ನಿಮಿಷ ಹಿಡಿಯಿರಿ. 840 ತೂತಿಗೆ 4,200 ನಿಮಿಷ, ಅಂದರೆ 70 ಗಂಟೆ. ಎರಡು ಡ್ರಿಲ್ ಇದ್ದರೆ 35 ಗಂಟೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂಬತ್ತು ಗಂಟೆಯಾದರೂ ಊಟ, ಎರಡು ಸಲ ಚಹಾ, ಬೆಳಗಿನ ಸುರಕ್ಷತೆಯ ಮಾತು, ಹೆಲ್ಮೆಟ್ ಬೆಲ್ಟ್ ತೊಡುವುದು, ಸಂಜೆ ಸಾಮಾನು ಎತ್ತಿಡುವುದು ಕಳೆದರೆ ಕೈಯಲ್ಲಿ ಉಳಿಯುವುದು ಏಳು ಗಂಟೆ. ಹಾಗಾಗಿ ಬೋಲ್ಟ್ ಕೆಲಸಕ್ಕೇ ಐದು ದಿನ. ಚೌಕಟ್ಟುಗಳು ಬಿಡಿಬಿಡಿಯಾಗಿ ಬಂದಿದ್ದರೆ ನೆಲದ ಮೇಲೆ ಮಲಗಿಸಿ ಜೋಡಿಸಬೇಕು. ಇಬ್ಬರಿಗೆ ಒಂದಕ್ಕೆ ಇಪ್ಪತ್ತು ನಿಮಿಷವಾದರೆ ಮತ್ತೆ ಅದೇ 70 ಗಂಟೆ. ಬೀಮ್ ಒಂದಕ್ಕೆ ಮೂರು ನಿಮಿಷವೆಂದರೂ 80 ಗಂಟೆ. ಮೇಲಿನ ಅಂತಸ್ತಿಗೆ ಏಣಿ ಸಾಲದು, ಆಳನ್ನು ಮೇಲೆತ್ತುವ ಸಿಸರ್ ಲಿಫ್ಟ್ ಬಾಡಿಗೆಗೆ ಬೇಕು. ನಾನು ಹೇಳಿದ ನಿಮಿಷಗಳನ್ನು ಯಾರೂ ಹಾಗೇ ಬರೆದುಕೊಳ್ಳಬೇಡಿ. ನಿಮ್ಮ ತಂಡ ಮೊದಲ ಸಾಲು ನಿಲ್ಲಿಸುವಾಗ ಗಡಿಯಾರ ಹಿಡಿದು ನೋಡಿ, ನಿಮ್ಮ ಅಂಕಿ ಸಿಗುತ್ತದೆ. ಮೊದಲ ನಾಲ್ಕೈದು ಬೇ ನಿಧಾನ. ಕೈ ಪಳಗಿದ ಮೇಲೆ ವೇಗ ಬರುತ್ತದೆ. ಮೊದಲ ದಿನದ ಲೆಕ್ಕ ನೋಡಿ ಹೆದರಬೇಕಾಗಿಲ್ಲ, ಹಾಗೆಯೇ ಅತಿ ಚುರುಕಾದ ದಿನದ ಲೆಕ್ಕ ನೋಡಿ ಮಾತು ಕೊಡಲೂಬಾರದು.

ಸರಿ, ನಾಲ್ಕು ಡ್ರಿಲ್ ತಂದರೆ ಐದು ದಿನ ಎರಡೂವರೆ ಆಗುವುದಿಲ್ಲವೇ? ಪುಸ್ತಕದ ಲೆಕ್ಕದಲ್ಲಿ ಆಗುತ್ತದೆ. ಇಲ್ಲಿ, ಒಂದು ಸಾಲು ನಿಂತು, ತೂಗುಗುಂಡು ಇಲ್ಲವೇ ಲೇಸರ್ ಹಿಡಿದು ಕಂಬಗಳು ನೇರವಾಗಿವೆ ಎಂದು ನೋಡಿದ ಮೇಲೆಯೇ ಅದರ ಕಾಲಿಗೆ ಬೋಲ್ಟ್ ಬಿಗಿಯಬೇಕು. ಡ್ರಿಲ್ ನಾಲ್ಕಿದ್ದರೂ ಬಿಗಿಯಲು ಸಿದ್ಧವಾದ ಸಾಲು ಒಂದೇ ಇದ್ದರೆ ಎರಡು ಸುಮ್ಮನೆ ಕೂರುತ್ತವೆ. ಮೇಲೆ ಬೀಮ್ ಕೂರಿಸುತ್ತಿರುವಾಗ ಅದರ ಕೆಳಗೆ ಇನ್ನೊಬ್ಬ ಕೂತು ಕೊರೆಯುವಂತೆಯೂ ಇಲ್ಲ. ಕೈ ಜಾರಿದ ಬೀಮ್ ನೇರ ಅವನ ತಲೆಯ ಮೇಲೆ ಬೀಳುತ್ತದೆ. ಸಾಲುಗಳ ನಡುವಿನ ಓಣಿಯ ಅಗಲವೂ ಅಷ್ಟೇ. ಅದು ಪ್ಯಾಲೆಟ್ ಎತ್ತಿ ಇಡುವ ಫೋರ್ಕ್‌ಲಿಫ್ಟ್ ತಿರುಗಲೆಂದು ಬಿಟ್ಟ ಮೂರೋ ಮೂರೂವರೆಯೋ ಮೀಟರ್ ಜಾಗ. ಅದರಲ್ಲಿ ಒಂದು ಸಿಸರ್ ಲಿಫ್ಟ್ ನಿಂತು ಪಕ್ಕದಲ್ಲಿ ಸಾಮಾನು ಹರಡಿದ್ದರೆ ಎರಡನೆಯದಕ್ಕೆ ದಾರಿ ಸಿಗುವುದು ಕಷ್ಟ. ಆಳು ಹೆಚ್ಚಿಸಿ ಕೆಲಸ ಬೇಗ ಮಾಡಿಸಬಹುದು ನಿಜ. ಆದರೆ ಒಂದು ಮಿತಿಯವರೆಗೆ ಮಾತ್ರ, ಆ ಮಿತಿಯನ್ನು ನಿಶ್ಚಯಿಸುವುದು ಜಾಗ ಮತ್ತು ಕೆಲಸದ ಸರದಿ.

ಇದುವರೆಗೆ ಹೇಳಿದ್ದು ಸಾಮಾನು ಬಂದ ಮೇಲಿನ ಮಾತು. ನಿಜವಾದ ವಿಳಂಬ ಬಹುಪಾಲು ಅದಕ್ಕಿಂತ ಮೊದಲೇ ಹುಟ್ಟಿರುತ್ತದೆ, ಅದೂ ನೆಲದಲ್ಲಿ.

ಒಂದು ಪ್ಯಾಲೆಟ್ ಒಂದು ಟನ್ ತೂಗುತ್ತದೆ ಎನ್ನೋಣ. ನೆಲದ ಮೇಲಿನ ಎರಡನ್ನು ಬಿಟ್ಟರೆ ಬೇಯಲ್ಲಿ ಎಂಟು ಟನ್ ಬೀಮ್‌ಗಳ ಮೇಲೆ ಕೂರುತ್ತದೆ. ಸಾಲಿನ ನಡುವಿನ ಚೌಕಟ್ಟು ಎಡಗಡೆಯ ಬೇಯ ಅರ್ಧ, ಬಲಗಡೆಯ ಬೇಯ ಅರ್ಧ ಹೊರುತ್ತದೆ; ಅದೂ ಎಂಟು ಟನ್. ಕಾಲು ಎರಡು, ಕಾಲಿಗೆ ನಾಲ್ಕು ಟನ್. ಮೈಸೂರು ದಸರೆಗೆ ಬರುವ ಗಂಡಾನೆಗಳಲ್ಲಿ ಹೆಚ್ಚಿನವು ನಾಲ್ಕರಿಂದ ಐದು ಟನ್ ಆಸುಪಾಸಿನವು. ಅಂಥ ಒಂದು ಆನೆಯ ಭಾರವನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಉಕ್ಕಿನ ಬಿಲ್ಲೆಯ ಮೂಲಕ ನೆಲಕ್ಕೆ ಇಳಿಸುತ್ತಿದ್ದೇವೆ. ಗೋದಾಮಿನ ತುಂಬ ಒಟ್ಟು 420 ಬಿಲ್ಲೆಗಳಿವೆ. ನೆಲ ಎಷ್ಟು ದಪ್ಪ, ಯಾವ ಬಲದ್ದು, ಒಳಗೆ ಕಂಬಿ ಎಲ್ಲಿದೆ ಎಂಬುದನ್ನು ರ್ಯಾಕ್ ಆರ್ಡರ್ ಕೊಡುವ ಮೊದಲೇ ಕೇಳದಿದ್ದರೆ ಆಮೇಲೆ ಕೇಳಿ ಉಪಯೋಗವಿಲ್ಲ.

ಹೊಸ ನೆಲವಾದರೆ ಕಾಂಕ್ರೀಟ್ ಬಲಿಯಲು ಕಾಲ ಬೇಕು. ಏಳು ದಿನಕ್ಕೆ ಅದು ಮೂರನೇ ಎರಡು ಪಾಲಿನಷ್ಟು ಬಲ ಪಡೆಯುತ್ತದೆ. ಪೂರ್ತಿ ಬಲವನ್ನು 28ನೇ ದಿನ ಅಳೆಯುವುದು ರೂಢಿ. ಎಳೆಯ ಕಾಂಕ್ರೀಟಿನಲ್ಲಿ ಬೋಲ್ಟ್ ಬಡಿದರೆ ತೂತಿನ ಅಂಚು ಸೀಳುತ್ತದೆ, ಹಿಡಿತ ಬರುವುದಿಲ್ಲ. ಸಾಮಾನ್ಯ ಕಾಂಕ್ರೀಟಿನಲ್ಲಿ ಈ 28 ದಿನವನ್ನು ದುಡ್ಡು ಕೊಟ್ಟು ಎರಡು ದಿನಕ್ಕೆ ಇಳಿಸಲಾಗದು, ಭತ್ತ ಕಾಳು ಕಟ್ಟುವ ಕಾಲವನ್ನು ಇಳಿಸಲಾಗದ ಹಾಗೆ. ಯೋಜನೆಯಲ್ಲಿ ಮೊದಲು ಬರೆಯಬೇಕಾದ ಸಾಲು ಇದೇ.

ಮಟ್ಟದ ಮಾತೂ ಇದೆ. ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಕೆಲಸದಲ್ಲಿ ನೆಲ ಕಣ್ಣಿಗೆ ಕನ್ನಡಿಯ ಹಾಗಿತ್ತು. ಮೊದಲ ಸಾಲು ನಿಲ್ಲಿಸಿ ಲೆವೆಲ್ ಹಿಡಿದರೆ ಒಂದು ತುದಿಗೂ ಇನ್ನೊಂದು ತುದಿಗೂ ಎರಡು ಬೆರಳಿನಷ್ಟು ವ್ಯತ್ಯಾಸ. ಕಾಲಿನ ಕೆಳಗೆ ಇಡುವ ತಗಡಿನ ಶಿಮ್‌ಗಳನ್ನು ಅಷ್ಟೊಂದು ತಂದಿರಲಿಲ್ಲ. ಹತ್ತು ಜನ ಮೂರು ದಿನ ಶೆಡ್ಡಿನ ನೆರಳಲ್ಲಿ ಕೂತರು. ತಗಡಿನ ಬೆಲೆ ಕೆಲವೇ ಸಾವಿರ; ಹೋದದ್ದು ಮೂವತ್ತು ಆಳಿನ ಕೂಲಿ, ಸಿಸರ್ ಲಿಫ್ಟಿನ ಬಾಡಿಗೆ, ಮತ್ತು ಕೊಟ್ಟ ಮಾತು. ಒಬ್ಬ ಸರ್ವೇಯರ್ ಅರ್ಧ ದಿನ ಮೊದಲೇ ಬಂದು ಹೋಗಿದ್ದರೆ ಈ ಮೂರು ದಿನ ಉಳಿಯುತ್ತಿತ್ತು.

ಲಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕಲ್ಪನೆಯ ಗೋದಾಮಿಗೆ ಬೇಕಾದ ಉಕ್ಕು 30 ಟನ್ ದಾಟಬಹುದು. ಬೀಮ್ ಮೊದಲು ಬಂದು ಕಂಬ ನಾಲ್ಕು ದಿನ ತಡವಾದರೆ ಸಾಮಾನು ಬಂದೂ ಬಾರದ ಹಾಗೆ. ಮೊದಲು ಬೇಕಾದದ್ದು ಲಾರಿಯ ಅಡಿಯಲ್ಲಿದ್ದರೆ ಎಲ್ಲವನ್ನೂ ಇಳಿಸಿ ಹುಡುಕಬೇಕು. ಗೋದಾಮು ಬೆಂಗಳೂರಿನ ಒಳಗಿದ್ದರೆ ದಟ್ಟಣೆಯ ವೇಳೆಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಇಳಿಸುವವರು ರಾತ್ರಿ ಸಿದ್ಧರಿರಬೇಕು. ಮುಂಗಾರಿನ ದಿನಗಳಲ್ಲಿ ಇಳಿಸುವ ಜಾಗಕ್ಕೆ ಮಾಡು ಇದೆಯೇ ನೋಡಿಕೊಳ್ಳಿ. ಇನ್ನು, ಈ ಕೆಲಸದ ಅನೇಕ ತಂಡಗಳು ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರವು. ಅವರಿಗೆ ಹೋಳಿ ಇದೆ, ದೀಪಾವಳಿಯ ಬೆನ್ನಿಗೆ ಛಠ್ ಇದೆ. ನಮ್ಮ ಕ್ಯಾಲೆಂಡರಿನ ಆಯುಧಪೂಜೆಯನ್ನು ಗುರುತು ಹಾಕಿ ಅವರ ಛಠ್ ಮರೆಯುವುದು ಲೆಕ್ಕದ ತಪ್ಪಷ್ಟೇ ಅಲ್ಲ, ಮರ್ಯಾದೆಯ ತಪ್ಪೂ ಹೌದು.

ಒಂದೇ ಜಾಗಕ್ಕಾಗಿ ಕಾದಿರುವ ಬೇರೆಯವರೂ ಇರುತ್ತಾರೆ: ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪಿನವರು, ದೀಪದ ತಂತಿಯವರು, ನೆಲಕ್ಕೆ ಹಳದಿ ಗೆರೆ ಬಳಿಯುವವರು. ರ್ಯಾಕ್‌ನ ಮೇಲೆ ಬರುವ ದೀಪವನ್ನು ರ್ಯಾಕ್ ನಿಲ್ಲುವ ಮೊದಲೇ ಕಟ್ಟಬೇಕು. ರ್ಯಾಕ್ ಒಳಗೆ ಹಾಯುವ ನೀರಿನ ಪೈಪನ್ನು ನಿಂತ ಮೇಲೆ. ಇವರೆಲ್ಲರನ್ನೂ ಒಂದು ದಿನ ಒಂದೇ ಮೇಜಿನ ಸುತ್ತ ಕೂರಿಸಿ ನಕ್ಷೆ ಬಿಡಿಸಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸರಕು ಓಡಾಡುತ್ತಿರುವ ಹಳೆಯ ಗೋದಾಮಿನಲ್ಲೇ ರ್ಯಾಕ್ ಹಾಕುವುದಾದರೆ ಲೆಕ್ಕವೇ ಬೇರೆ. ಒಂದು ಮೂಲೆ ಖಾಲಿ ಮಾಡಿ, ಕಟ್ಟಿ, ತುಂಬಿ, ಮುಂದಿನ ಮೂಲೆಗೆ ಹೋಗಬೇಕು. ಅಲ್ಲಿ ಖಾಲಿ ಗೋದಾಮಿನ ದಿನಗಳನ್ನು ಹೇಳಲೇಬಾರದು.

ಹಾಗಾದರೆ ದಿನ ಹೇಳುವುದು ಹೇಗೆ? 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಪರ್ಟ್ ಎಂಬ ವಿಧಾನ ರೂಪಿಸಿತು. ಅದರ ಒಂದು ಸರಳ ಸೂತ್ರ ನಮಗೂ ಸಾಕು. ತಂಡದ ಮೇಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ: ಎಲ್ಲ ಕೂಡಿಬಂದರೆ ಎಷ್ಟು ದಿನ, ಮಾಮೂಲಾಗಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು? ನಮ್ಮ ಗೋದಾಮಿಗೆ ಅವರು ಹನ್ನೆರಡು, ಹದಿನೈದು, ಇಪ್ಪತ್ತನಾಲ್ಕು ಎಂದರು ಎನ್ನೋಣ. ಮಾಮೂಲಿ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. ತೊಂಬತ್ತಾರನ್ನು ಆರರಿಂದ ಭಾಗಿಸಿದರೆ ಹದಿನಾರು. ಇದು ಸರಾಸರಿ ಮಾತ್ರ; ಇದನ್ನೇ ಮಾತಾಗಿ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಸಲ ಮಾತು ತಪ್ಪುತ್ತದೆ. ನಾನಾದರೆ ಇಪ್ಪತ್ತು ಕೆಲಸದ ದಿನ ಹೇಳುತ್ತೇನೆ, ಆ ನಾಲ್ಕು ದಿನವನ್ನು ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೇನೆ. ಒಂದೊಂದು ಕೆಲಸದೊಳಗೆ ಚೂರುಚೂರು ಬಚ್ಚಿಟ್ಟ ಸಮಯ ಯಾರ ಅರಿವಿಗೂ ಬಾರದೆ ಕರಗಿಹೋಗುತ್ತದೆ.

ತಡವಾದಾಗ ಮೊದಲು ಕತ್ತರಿ ಬೀಳುವುದು ಕೊನೆಯ ಎರಡು ಮೂರು ದಿನಕ್ಕೆ. ಕಂಬ ನೇರವಿದೆಯೇ ನೋಡುವುದು, ಬೋಲ್ಟಿನ ಬಿಗಿ ಪರೀಕ್ಷಿಸುವುದು, 3,200 ಪಿನ್ ಎಣಿಸುವುದು, ಫೋರ್ಕ್‌ಲಿಫ್ಟ್ ಗುದ್ದದಂತೆ ಕಂಬದ ಬುಡಕ್ಕೆ ಗಾರ್ಡ್ ಹಾಕುವುದು, ಎಷ್ಟು ಭಾರ ಇಡಬಹುದೆಂಬ ಫಲಕ ತೂಗುಹಾಕುವುದು. ಇವು ಇಲ್ಲದೆಯೂ ರ್ಯಾಕ್ ನಿಂತೇ ಇರುತ್ತದೆ, ಆದ್ದರಿಂದ ಮುಗಿದಂತೆ ಕಾಣುತ್ತದೆ. ಸಾಮಾನ್ಯ ಓಣಿಯ ರ್ಯಾಕ್‌ಗೆ ಯುರೋಪಿನ ಮಾನದಂಡ ಒಪ್ಪುವ ವಾಲು ಎತ್ತರದ 350ರಲ್ಲಿ ಒಂದು ಪಾಲು. ಏಳು ಮೀಟರ್ ಕಂಬಕ್ಕೆ ಬರೀ 20 ಮಿಲಿಮೀಟರ್. ಅದನ್ನು ಕಣ್ಣಳತೆಯಲ್ಲಿ ಹೇಳಲಾಗದು.

ತುಂಬಿದ ರ್ಯಾಕ್ ಉರುಳಿದರೆ ಏನಾಗುತ್ತದೆ ನೋಡಿ. 2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಒಂದು ಗೋದಾಮಿನಲ್ಲಿ ಚೀಸ್ ತುಂಬಿದ್ದ ರ್ಯಾಕ್‌ಗಳು ಸಾಲಾಗಿ ಉರುಳಿದವು. ಫೋರ್ಕ್‌ಲಿಫ್ಟ್ ಚಾಲಕರೊಬ್ಬರು ಗಂಟೆಗಟ್ಟಲೆ ಅದರಡಿಯಲ್ಲಿ ಸಿಲುಕಿ, ಜೀವಂತವಾಗಿ ಹೊರಬಂದರು. ನಮ್ಮಲ್ಲಿ ಆ ಅದೃಷ್ಟ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ಬಿಹಾರದಿಂದ ದುಡಿಯಲು ಬಂದಿದ್ದ ಏಳು ಕಾರ್ಮಿಕರು ಸತ್ತರು. ಅದು ಪ್ಯಾಲೆಟ್ ರ್ಯಾಕ್ ಅಲ್ಲ. ಆದರೆ ಎತ್ತರದಲ್ಲಿ ಕೂಡಿಟ್ಟ ಭಾರ ಕೆಳಗೆ ಬಂದಾಗ ಅದರಡಿ ಇರುವವರು ಯಾರು ಎಂಬುದನ್ನು ಅದು ತೋರಿಸಿತು.

ಗೋದಾಮಿನ ಮಾಲೀಕರೇ, ವ್ಯವಸ್ಥಾಪಕರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಉದ್ಘಾಟನೆಯ ದಿನವನ್ನು ಗ್ರಾಹಕರಿಗೆ ಹೇಳುವ ಮೊದಲು, ಬೋಲ್ಟ್ ಬಿಗಿಯುವ ತಂಡದ ಮೇಸ್ತ್ರಿಯನ್ನು ಆ ಜಾಗಕ್ಕೆ ಕರೆಸಿ, ನೆಲ ತೋರಿಸಿ, ಎಷ್ಟು ದಿನ ಬೇಕೆಂದು ಕೇಳಿ. ಅವರು ಪರೀಕ್ಷೆಗೆಂದು ಕೇಳಿದ ಕೊನೆಯ ಮೂರು ದಿನಕ್ಕೆ ಮಾತ್ರ ಕೈ ಹಾಕಬೇಡಿ.