ಬಿದ್ದ ಕಲ್ಲು ಎಲ್ಲಿ?

(ಶತಮಾನೋತ್ಸವ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕನ್ನಡದಲ್ಲಿ ಓದಿದ ಮಗು ವಿಜ್ಞಾನದಲ್ಲಿ ಹಿಂದುಳಿಯುವುದಿಲ್ಲವೆ ಎಂದು ಗಣಪತಿಯ ಪೋಷಕರು ನನ್ನನ್ನು ಆಗಾಗ ಕೇಳುತ್ತಾರೆ. ಅವರ ಆತಂಕ ಸಹಜವಾದುದು. ಅದಕ್ಕೆ ಉತ್ತರವಾಗಿ, ನಮ್ಮ ಮಕ್ಕಳು ಲೋಣಾರಿಗೆ ಕೈಗೊಂಡ ಪ್ರವಾಸದ ವಿಚಾರವನ್ನು ತಮ್ಮ ಮುಂದಿಡುತ್ತೇನೆ.

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರಿನಲ್ಲಿ ಸುಮಾರು 1.8 ಕಿ.ಮೀ. ಅಗಲದ ದುಂಡನೆಯ ಕುಳಿಯಿದೆ. ಅದರ ತಳದಲ್ಲಿ ಕ್ಷಾರಯುಕ್ತ ಉಪ್ಪುನೀರಿನ ಕೆರೆ. ವಿಷ್ಣುವು ಲವಣಾಸುರನನ್ನು ಸಂಹರಿಸಿದ ಸ್ಥಳವಿದೆಂದು ಸ್ಥಳಪುರಾಣ ಹೇಳುತ್ತದೆ. ಊರಿನ ದೈತ್ಯಸೂದನ ದೇವಾಲಯ ಆ ಕಥೆಯ ನೆನಪನ್ನು ಉಳಿಸಿಕೊಂಡಿದೆ. ಸುತ್ತಲಿನ ನೆಲವೆಲ್ಲ ಪುರಾತನ ಲಾವಾರಸದಿಂದಾದ ಕಪ್ಪು ಶಿಲೆ. ಆದುದರಿಂದ ಕುಳಿಯೂ ಜ್ವಾಲಾಮುಖಿಯಿಂದಲೇ ಆದುದೆಂದು ಅನೇಕ ವಿದ್ವಾಂಸರು ಬಹುಕಾಲ ನಂಬಿದ್ದರು. ಅಲ್ಲಿನ ಶಿಲೆಯೊಳಗಿನ ಖನಿಜವು ಭಾರೀ ಆಘಾತದಿಂದ ಗಾಜಿನಂತಾಗಿರುವುದನ್ನು ಸಂಶೋಧಕರು ಕಂಡು, ಇದು ಉಲ್ಕಾಪಾತದ ಕುಳಿಯೆಂದು 1973ರಲ್ಲಿ ಪ್ರಕಟಿಸಿದರು.

ಕುಳಿಯ ಅಂಚಿನಲ್ಲಿ ನಿಂತು ಇದನ್ನು ವಿವರಿಸುತ್ತಿದ್ದಾಗ ಏಳನೆಯ ತರಗತಿಯ ಬಾಲಕಿಯೊಬ್ಬಳು, "ಟೀಚರ್, ಹಾಗಾದರೆ ಬಿದ್ದ ಕಲ್ಲು ಎಲ್ಲಿ?" ಎಂದು ಕೇಳಿದಳು.

ಇದು ಸಣ್ಣ ಪ್ರಶ್ನೆಯಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಸುಮಾರು 1.2 ಕಿ.ಮೀ. ಅಗಲದ ಇಂಥದೇ ಕುಳಿಯಿದೆ. ಗಿಲ್ಬರ್ಟ್ ಎಂಬ ಹೆಸರಾಂತ ಭೂವಿಜ್ಞಾನಿ 1891ರಲ್ಲಿ ಅದನ್ನು ಪರಿಶೀಲಿಸಿ, ಭೂಗರ್ಭದ ಉಗಿಯ ಸ್ಫೋಟದಿಂದ ಆದುದೆಂದು ತೀರ್ಮಾನಿಸಿದರು. ಬ್ಯಾರಿಂಜರ್ ಎಂಬ ಗಣಿ ಎಂಜಿನಿಯರ್ ಅದನ್ನು ಒಪ್ಪಲಿಲ್ಲ. ಬಿದ್ದ ಕಬ್ಬಿಣದ ಮಹಾಪಿಂಡವು ನೆಲದಡಿಯಲ್ಲಿದೆಯೆಂದು ನಂಬಿ, 1903ರಿಂದ ಕಾಲು ಶತಮಾನ ಅಗೆಸಿದರು. ಪಿಂಡ ದೊರೆಯಲಿಲ್ಲ. ಅಪಾರ ವೇಗದ ಆ ಅಪ್ಪಳಿಕೆಯಲ್ಲಿ ಉಲ್ಕೆಯ ಬಹುಭಾಗ ಕರಗಿ, ಆವಿಯಾಗಿ, ಚದುರಿಹೋಗಿತ್ತು. ಆದರೂ ಕುಳಿಯು ಉಲ್ಕೆಯಿಂದಲೇ ಆದುದೆಂಬ ಅವರ ಮಾತು ನಿಜವಾಗಿತ್ತು. 1960ರಲ್ಲಿ ಅದಕ್ಕೆ ಶಿಲಾಸಾಕ್ಷ್ಯ ದೊರೆಯಿತು.

ಬ್ಯಾರಿಂಜರರು ಕಾಲು ಶತಮಾನ ಹುಡುಕಿದ ಕಲ್ಲನ್ನೇ ನಮ್ಮ ಬಾಲಕಿ ತನ್ನ ಮನೆಮಾತಿನಲ್ಲಿ ಕೇಳಿದಳು. ಪದಗಳಿಗಾಗಿ ತಡವರಿಸದುದರಿಂದಲೇ ಆ ಪ್ರಶ್ನೆ ಅವಳಿಗೆ ಅಲ್ಲಿಯೇ ಹೊಳೆಯಿತೆಂದು ನನ್ನ ನಂಬಿಕೆ. ತಮಿಳೂ ಇಂಗ್ಲಿಷೂ ನಮ್ಮ ಮಕ್ಕಳಿಗೆ ಬೇಕು; ಅವನ್ನು ಚೆನ್ನಾಗಿಯೇ ಕಲಿಸೋಣ. ಆದರೆ ಮೊದಲ ಪ್ರಶ್ನೆ ಹುಟ್ಟುವ ಭಾಷೆಯನ್ನು ಕಿತ್ತುಕೊಳ್ಳುವುದು ಬೇಡ.

ಪೋಷಕರಲ್ಲಿ ನನ್ನದೊಂದು ಬಿನ್ನಹ: ಮನೆಯಲ್ಲಿ ಮಗು "ಏಕೆ?" ಎಂದಾಗ ಕೆಲಸದ ಅವಸರದಲ್ಲಿ ಗದರಿಸಿ ಸುಮ್ಮನಾಗಿಸಬೇಡಿ. ತಿಳಿಯದಿದ್ದರೆ ಶಾಲೆಗೆ ಕಳುಹಿಸಿ. ನಾವೂ ಮಗುವಿನೊಡನೆ ಕೂಡಿ ಹುಡುಕುತ್ತೇವೆ. ಹಳೆಯ ವಿದ್ಯಾರ್ಥಿಗಳು ತಾವು ಕಲಿತ ವಿದ್ಯೆಯನ್ನು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬಂದು ಕನ್ನಡದಲ್ಲಿ ಹೇಳಲಿ. ಶಾಲೆಯ ಎರಡನೆಯ ಶತಮಾನಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ.