ಹಾಸ್ಟೆಲನ್ನೇ ಮನೆಯಾಗಿಸಿದ ತಾಯಿ

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಅಲೀಗಢ ಎಂದೊಡನೆ ನಮಗೆ ಸರ್ ಸೈಯದ್ ಅಹ್ಮದ್ ಖಾನ್ ನೆನಪಾಗುತ್ತಾರೆ. ಅಲ್ಲಿನ ಹೆಣ್ಣು ಮಕ್ಕಳ ಶಿಕ್ಷಣದ ಮಾತು ಬಂದಾಗ 'ಪಾಪಾ ಮಿಯಾ' ಎಂದು ಪ್ರಸಿದ್ಧರಾದ ಶೇಖ್ ಅಬ್ದುಲ್ಲಾರನ್ನು ನಮ್ಮಲ್ಲಿ ಕೆಲವರಾದರೂ ಸ್ಮರಿಸುತ್ತೇವೆ. ಆದರೆ ಅವರ ಪತ್ನಿ ವಹೀದ್ ಜಹಾನ್ ಬೇಗಂ ನಮಗೆ ನೆನಪಿದ್ದಾರೆಯೇ? ವಿದ್ಯಾರ್ಥಿನಿಯರ ಪಾಲಿಗೆ ಅವರು 'ಆಲಾ ಬೀ'. ಇಂದು ನಾವು ಆ ತಾಯಿಯ ಬಗ್ಗೆ ಮಾತನಾಡಬಯಸುತ್ತೇವೆ.

ಆಲಾ ಬೀ ಪದವೀಧರೆಯಲ್ಲ. ದೆಹಲಿಯ ತವರು ಮನೆಯಲ್ಲಿಯೇ ಓದು ಬರಹ ಕಲಿತವರು. 1902ರಲ್ಲಿ ಅವರ ವಿವಾಹವಾಯಿತು. 1906ರಲ್ಲಿ ದಂಪತಿಗಳು ಅಲೀಗಢದ ಬಾಡಿಗೆ ಮನೆಯೊಂದರಲ್ಲಿ ಬೆರಳೆಣಿಕೆಯ ಬಾಲಕಿಯರೊಂದಿಗೆ ಶಾಲೆ ಆರಂಭಿಸಿದರು. ಮಕ್ಕಳು ಪರದೆ ಕಟ್ಟಿದ ಡೋಲಿಗಳಲ್ಲಿ ಬರುತ್ತಿದ್ದರು. ಕಲಿಸಲು ಶಿಕ್ಷಕಿಯರು ಸಿಗುವುದೇ ದುರ್ಲಭವಾಗಿತ್ತು.

ನಿಜವಾದ ಪರೀಕ್ಷೆ ಎದುರಾದದ್ದು 1914ರಲ್ಲಿ, ಹಾಸ್ಟೆಲ್ ತೆರೆದಾಗ. ಗೌರವಸ್ಥ ಮನೆತನದ ಹೆಣ್ಣು ಮಕ್ಕಳು ಪರವೂರಿನಲ್ಲಿ ತಂಗುವುದೇ? ಅದೂ ಯುವಕರ ಕಾಲೇಜು ಇರುವ ಊರಿನಲ್ಲಿ! ವಿರೋಧ ಹೊರಗಿನಿಂದಷ್ಟೇ ಅಲ್ಲ, ಸ್ವಂತ ಸಮುದಾಯದೊಳಗಿಂದಲೂ ಬಂತು. ಆಲಾ ಬೀ ವಾದಕ್ಕಿಳಿಯಲಿಲ್ಲ. ತಮ್ಮ ಹೆಣ್ಣು ಮಕ್ಕಳೊಂದಿಗೆ ಹಾಸ್ಟೆಲಿಗೇ ಬಂದು ನೆಲೆಸಿದರು. ಪರರ ಮಕ್ಕಳ ಊಟ, ಪಾಠ, ಕಾಯಿಲೆ, ಕಣ್ಣೀರು ಎಲ್ಲವೂ ಅವರದ್ದಾಯಿತು. ತನ್ನ ಮಕ್ಕಳಿಗೆ ಯಾವುದು ಒಳ್ಳೆಯದೋ ಅದನ್ನೇ ಪರರ ಮಕ್ಕಳಿಗೂ ಬಯಸಿದ ತಾಯಿಯನ್ನು ಕಂಡ ಹೆತ್ತವರು ಕ್ರಮೇಣ ನಿಶ್ಚಿಂತರಾದರು. ಕಟ್ಟಡವನ್ನು ದೇಣಿಗೆಯಿಂದ ಕಟ್ಟಬಹುದು. ವಿಶ್ವಾಸವನ್ನು ಹಾಗೆ ಕಟ್ಟಲಾಗದು.

1937ರಲ್ಲಿ ಅದೇ ಸಂಸ್ಥೆ ಪದವಿ ಕಾಲೇಜಾಯಿತು. ಅವರ ಓರ್ವ ಪುತ್ರಿ ಮುಮ್ತಾಜ್ ಜಹಾನ್ ಅಲ್ಲಿ ಪ್ರಾಂಶುಪಾಲೆಯಾದರು. ಇನ್ನೋರ್ವ ಪುತ್ರಿ ರಶೀದ್ ಜಹಾನ್ ವೈದ್ಯೆಯೂ ಲೇಖಕಿಯೂ ಆದರು. ಪ್ರಖ್ಯಾತ ಉರ್ದು ಸಾಹಿತಿ ಇಸ್ಮತ್ ಚುಗ್ತಾಯಿ ಓದಿದ್ದೂ ಆ ಶಾಲೆಯಲ್ಲಿಯೇ. 1939ರಲ್ಲಿ ಆಲಾ ಬೀ ನಿಧನರಾದರು. ಅವರು ಬೆಳೆಸಿದ ಆ ಶಾಲೆ ಇಂದು ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಮಹಿಳಾ ಕಾಲೇಜಾಗಿ ನಿಂತಿದೆ.

ಬಂಧುಗಳೇ, ನಾವೂ ಶಾಲೆಗಳನ್ನು ಕಟ್ಟಿದ್ದೇವೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದೇವೆ, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ್ದೇವೆ. ಆದರೆ ಮುಂಜಾನೆ ಮನೆಗೆಲಸ ಮುಗಿಸಿ, ಅಲ್ಪ ವೇತನಕ್ಕೆ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಧಾವಿಸುವ ಶಿಕ್ಷಕಿಗೆ ನಾವು ಕೊಟ್ಟದ್ದೇನು? ಆಕೆಯ ಸೇವೆಯನ್ನು ಹೊಗಳಿದ್ದೇವೆ, ವೇತನದ ಮಾತು ಬಂದಾಗ ಮೌನ ತಾಳಿದ್ದೇವೆ. ತ್ಯಾಗವನ್ನು ಆಕೆಯೊಬ್ಬಳ ಪಾಲಿಗೆ ಬಿಟ್ಟು, ಕೀರ್ತಿಯನ್ನು ನಾವು ಹಂಚಿಕೊಳ್ಳುವುದು ಯಾವ ನ್ಯಾಯ?

ಆಲಾ ಬೀಯವರನ್ನು ಸ್ಮರಿಸುವುದೆಂದರೆ ಒಂದು ಸಭೆ ನಡೆಸಿ ಚದುರುವುದಲ್ಲ. ನಮ್ಮ ಮಕ್ಕಳಿಗೆ ಮೊದಲ ಅಕ್ಷರ ತಿದ್ದಿಸಿದ ಶಿಕ್ಷಕಿ ಇಂದು ಎಲ್ಲಿದ್ದಾರೆ, ಹೇಗಿದ್ದಾರೆ? ಈ ಸಭೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ನಾವು ವಿಚಾರಿಸಿಕೊಳ್ಳೋಣ.