ಆನೆ, ಹೆಲಿಕಾಪ್ಟರ್ ಮತ್ತು ತಾಲೀಮು



ಗುಬ್ಬಿ ಎಂದೊಡನೆ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಹಾಗೆ ತರಬೇಕೆಂದು ಹೊಳೆದದ್ದು ಕಲ್ಪನೆ. ಆ ಆನೆ ಹೇಳಿದ ಹೊತ್ತಿಗೆ ಬಂದು, ಯಾರನ್ನೂ ತುಳಿಯದೆ ಹೋಗಬೇಕಾದರೆ ಎಷ್ಟು ತಾಲೀಮು ಬೇಕಾಗಿರಬೇಕು, ನೀವೇ ಯೋಚಿಸಿ!

ಅದೇ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 615 ಎಕರೆಯ ಈ ಕಾರ್ಖಾನೆಯಲ್ಲಿ ಮೊದಲು ತಯಾರಿಸಲೆಂದು ಆರಿಸಿದ್ದು ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಹಗುರ ಹೆಲಿಕಾಪ್ಟರ್. ಫ್ರಾನ್ಸಿನ ಹಳೆಯ ವಿನ್ಯಾಸದ ಚೀತಾ, ಚೇತಕ್‌ಗಳ ಜಾಗವನ್ನು ತುಂಬಲು ಇದನ್ನು ನಮ್ಮವರೇ ರೂಪಿಸಿದರು.

ಇಲ್ಲಿನ ಕಷ್ಟವೇನು ಗೊತ್ತೆ? ಹೆಲಿಕಾಪ್ಟರಿನ ರೆಕ್ಕೆಗಳು ಗಾಳಿಯನ್ನು ಕೆಳಕ್ಕೆ ತಳ್ಳಿ ತಾವು ಮೇಲೇರುತ್ತವೆ. ಸುಮಾರು 3,300 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯೇ ತೆಳು. ಬಿಸಿಲೇರಿದರೆ ಇನ್ನೂ ತೆಳು. ರೆಕ್ಕೆಗೆ ತಳ್ಳಲು ಗಾಳಿ ಸಾಲದು, ಎಂಜಿನ್ನಿಗೆ ಉರಿಸಲು ಆಮ್ಲಜನಕ ಸಾಲದು. ಹೀಗಾಗಿ ವಿನ್ಯಾಸಕಾರನಿಗೆ ಹೊಸದೇನಾದರೂ ಸೇರಿಸುವ ಆಸೆಯಾದಾಗಲೆಲ್ಲ ತಕ್ಕಡಿ ಅಡ್ಡ ನಿಲ್ಲುತ್ತದೆ. ಒಂದು ಕಿಲೋ ಹೆಚ್ಚಿದರೆ ಹಿಮಶಿಖರದಿಂದ ಗಾಯಾಳು ಯೋಧನನ್ನು ಎತ್ತಿ ತರುವ ಶಕ್ತಿ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ಆದರೆ ಈ ತಕ್ಕಡಿಯನ್ನು ಶತ್ರುವೆಂದು ತಿಳಿಯಬೇಡಿ. ಎರಡು ಭಾಗ ಮಾಡುವ ಕೆಲಸವನ್ನು ಒಂದರಿಂದಲೇ ಮಾಡಿಸಬಹುದೇ ಎಂಬ ಉಪಾಯ ಹೊಳೆಯುವುದು ಅದರ ಒತ್ತಡದಿಂದಲೇ.

ನಮ್ಮ ಸ್ಟುಡಿಯೋದಲ್ಲಿಯೂ ಹೀಗೆಯೇ. ಸಮಯದ ಮಿತಿಯಿಲ್ಲದ ಕಾರ್ಯಕ್ರಮ ಚೆನ್ನಾಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಈ ಹೆಲಿಕಾಪ್ಟರ್ ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು, ಬೆಂಗಳೂರಿನಲ್ಲಿ. ಅಂದೇ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತಲ್ಲವೆ? ಆಗಲಿಲ್ಲ. ನಾಗಪುರದ ಬಿಸಿಲು, ಲೇಹ್‌ನ ಚಳಿ, ಚೆನ್ನೈ ಮತ್ತು ಪುದುಚೇರಿಯ ಕಡಲಗಾಳಿ, ಎಲ್ಲವನ್ನೂ ದಾಟಬೇಕಾಯಿತು. 2018ರ ಕೊನೆಗೆ ಆರು ಕಿಲೋಮೀಟರ್ ಎತ್ತರ ಮುಟ್ಟಿತು. 2019ರ ಬೇಸಗೆಯ ಕೊನೆಯಲ್ಲಿ ಮತ್ತೆ ಲೇಹ್. ಈ ಸಲ ಚಳಿಗಲ್ಲ, ಎತ್ತರದ ಜಾಗದ ಸೆಖೆಗೆ. ಆರಂಭಿಕ ಕಾರ್ಯಾಚರಣೆಯ ಅನುಮತಿ ದೊರೆತದ್ದು 2020ರ ಫೆಬ್ರವರಿಯಲ್ಲಿ.

ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಎರಡು ಭಾಗಗಳನ್ನು ಬದಲಿಸಿದರೆ, ದೋಷ ಹೋದದ್ದು ಯಾವುದರಿಂದ ಎಂದು ಹೇಳುವವರು ಯಾರು? ನಿಮ್ಮ ಪ್ರಯೋಗಶಾಲೆಯಲ್ಲಿ ಮುಂದಿನ ಸಲ ಲೋಲಕದ ಉದ್ದ ಮತ್ತು ಗುಂಡಿನ ತೂಕ ಎರಡನ್ನೂ ಒಟ್ಟಿಗೆ ಬದಲಿಸಿ ನೋಡಿ. ಆಂದೋಲನದ ಅವಧಿ ಬದಲಾಗುತ್ತದೆ. ಕಾರಣ ಯಾವುದೆಂದು ಮೇಷ್ಟ್ರು ಕೇಳಿದಾಗ ಏನು ಹೇಳುವಿರಿ?